ಘಟಪ್ರಭೆ ದಂಡೆಗೆ ಜೋಡಿ ಟ್ರೈಕ್: ದೊಡ್ಡದು ಪಾಸ್, ಚಿಕ್ಕದನ್ನು ಅಳೆದು ನೋಡಿ ಕೊಳ್ಳಿ

ಕುರ್ಚಿಯಲ್ಲಿ ಒರಗಿದ ಹಾಗೆ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಮೂರು ಗಾಲಿಯ ಸೈಕಲ್ಲೇ ರಿಕಂಬೆಂಟ್ ಟ್ರೈಕ್. ಬಾಗಲಕೋಟೆ ಕಡೆ ಇದನ್ನು ಕಂಡವರು ಕಡಿಮೆ. ಕಂಡವರು ಮೊದಲು ವಿಕಲಚೇತನರ ಗಾಡಿ ಅಂದುಕೊಳ್ಳುತ್ತಾರೆ, ಹತ್ತಿರ ಬಂದ ಮೇಲೆ "ಎಷ್ಟು ಬಿತ್ರೀ?" ಅಂತ ಕೇಳುತ್ತಾರೆ. ಇಲ್ಲಿ ನೋಡುತ್ತಿರುವುದು ಒಂದು ಜೋಡಿಯನ್ನು: ಅಪ್ಪನಿಗೋ ಅವ್ವನಿಗೋ ಒಂದು, ಎಂಟರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ಒಂದು. ಓಡುವ ಜಾಗ ನವನಗರದ ಡಾಂಬರು ರಸ್ತೆ, ಆಲಮಟ್ಟಿ ಹಿನ್ನೀರು ಬಂದು ನಿಲ್ಲುವ ಘಟಪ್ರಭೆ ಅಂಚಿನ ಹಳ್ಳಿ ದಾರಿ, ಕಾಲುವೆ ದಂಡೆ, ಆಗೊಮ್ಮೆ ಈಗೊಮ್ಮೆ ಕೂಡಲಸಂಗಮ, ಪಟ್ಟದಕಲ್ಲು. ಸೈಕಲ್‌ಗೆಂದೇ ಮಾಡಿದ ನದಿ ದಾರಿ ನಮ್ಮಲ್ಲಿಲ್ಲ. ಇರುವ ದಾರಿಯಲ್ಲಿ ಚಕ್ಕಡಿ, ಟ್ರಾಕ್ಟರ್, ಎಮ್ಮೆ ಎಲ್ಲದಕ್ಕೂ ಪಾಲಿದೆ. ಈ ವಿಮರ್ಶೆ ಅಂಥ ದಾರಿಯ ಲೆಕ್ಕದಲ್ಲೇ.

ತೀರ್ಮಾನ ಮೊದಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡವರ ಟ್ರೈಕ್ ಬಗ್ಗೆ ಹೇಳಿಕೊಳ್ಳುವಂಥ ತಕರಾರಿಲ್ಲ. ನಮ್ಮ ರಸ್ತೆಗೆ ಬೇಕಾದ ಬದಲಾವಣೆ ನಾಲ್ಕೈದು, ಹೆಚ್ಚಿನವು ಊರಿನ ಸೈಕಲ್ ಅಂಗಡಿಯಲ್ಲೇ ಆಗುವಂಥವು. ಮಗುವಿನ ಟ್ರೈಕ್ ಹಾಗಲ್ಲ. ಸೀಟು ಸರಿಯುವ ಬಗೆ, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಉದ್ದ, ಬ್ರೇಕ್ ಲಿವರ್, ಈ ಮೂರರಲ್ಲಿ ಒಂದು ತಪ್ಪಿದರೂ ಆರು ತಿಂಗಳಲ್ಲಿ ಅದು ಕಟ್ಟೆಯ ಮೂಲೆ ಸೇರುತ್ತದೆ. ದುಡ್ಡೆಲ್ಲ ದೊಡ್ಡದಕ್ಕೆ ಸುರಿದು, ಮಗುವಿಗೆ "ಸದ್ಯಕ್ಕೆ ಇಷ್ಟು ಸಾಕು" ಅಂತ ಸಿಕ್ಕಿದ್ದು ಕೊಡಿಸುವ ರೂಢಿ ಇದೆ. ಆ ಲೆಕ್ಕ ತಿರುವುಮುರುವಾಗಬೇಕು.

ಇವು ತಯಾರಾಗುವುದು ಬಹುಮಟ್ಟಿಗೆ ಹೊರದೇಶದಲ್ಲಿ: ಇಂಗ್ಲೆಂಡಿನ ಐಸ್, ಅಮೆರಿಕದ ಟೆರಾಟ್ರೈಕ್ ಮತ್ತು ಕ್ಯಾಟ್ರೈಕ್, ಜರ್ಮನಿಯ ಎಚ್‌ಪಿ ವೆಲೊಟೆಕ್ನಿಕ್ ಮತ್ತು ಹಾಸೆ, ಆಸ್ಟ್ರೇಲಿಯಾದಲ್ಲಿ ಶುರುವಾದ ಗ್ರೀನ್‌ಸ್ಪೀಡ್. ಮುಂದೆ ಎರಡು ಗಾಲಿ, ಹಿಂದೆ ಒಂದು ಇರುವುದು ಟ್ಯಾಡ್‌ಪೋಲ್. ಮುಂದೆ ಒಂದು, ಹಿಂದೆ ಎರಡು ಇದ್ದರೆ ಡೆಲ್ಟಾ. ಡೆಲ್ಟಾದ ಸೀಟು ಸಾಮಾನ್ಯವಾಗಿ ಎತ್ತರ, ಕೂರುವುದು ಏಳುವುದು ಸಲೀಸು, ಆದರೆ ವೇಗದಲ್ಲಿ ತಿರುಗಿಸಿದರೆ ಬೇಗ ವಾಲುತ್ತದೆ. ಟ್ಯಾಡ್‌ಪೋಲ್ ನೆಲಕ್ಕೆ ಹತ್ತಿರ, ಬ್ರೇಕ್ ಎರಡೂ ಮುಂದಿನ ಗಾಲಿಗೆ, ತಿರುವಿನಲ್ಲಿ ಗಟ್ಟಿ. ದಂಡೆಯ ದಾರಿಗೆ ಎರಡೂ ಟ್ಯಾಡ್‌ಪೋಲ್ ಇರಲಿ ಎಂಬುದು ನಮ್ಮ ಮಾತು. ಮಗು ಆರೇಳು ವರ್ಷದ್ದಾಗಿದ್ದರೆ ಮಾತ್ರ ಹಾಸೆಯ ಟ್ರೆಟ್ಸ್ ಮಾದರಿ ಯೋಚಿಸಬಹುದು. ಅದು ಡೆಲ್ಟಾ, ಮುಂದಿನ ಗಾಲಿ ತೆಗೆದು ದೊಡ್ಡವರ ಗಾಡಿಯ ಹಿಂದೆ ಕೊಕ್ಕೆ ಹಾಕಿಕೊಳ್ಳಬಹುದು, ಬೇಕಾದಾಗ ಮತ್ತೆ ಒಂಟಿ ಗಾಡಿ.

ಕಂಪನಿ ಯಾವುದೇ ಇರಲಿ, ಮೊದಲು ಟಯರಿನ ಪಕ್ಕದಲ್ಲಿ ಅಚ್ಚಾದ ಅಂಕಿ ಓದಿ. 20 ಇಂಚಿನ ಗಾಲಿಯಲ್ಲಿ ಎರಡು ಅಳತೆ ಇವೆ, 406 ಮತ್ತು 451 (ಟಯರ್ ಕೂರುವ ರಿಮ್ಮಿನ ವ್ಯಾಸ, ಮಿ.ಮೀ. ಲೆಕ್ಕದಲ್ಲಿ). 406 ಎಂದರೆ ನಮ್ಮ ಹುಡುಗರ ಸೈಕಲ್ಲಿನ 20×1.75, 20×2.125 ಟಯರ್, ತಾಲೂಕು ಊರಿನ ಅಂಗಡಿಯಲ್ಲೂ ಸಿಗುತ್ತದೆ. 451 ಆದರೆ ಟಯರ್ ಹರಿದ ದಿನ ಗಾಡಿ ನಿಂತ ಹಾಗೆ. 16 ಇಂಚಿನದೂ ಇದೇ ಕಥೆ: 305 ಇದ್ದರೆ ಊರಲ್ಲೇ ಸಿಗುತ್ತದೆ, 349 ಇದ್ದರೆ ತರಿಸಬೇಕು. ನೋಡಲು ಎರಡೂ ಒಂದೇ ತರಹ, ಹಾಕಲು ಹೋದಾಗ ಗೊತ್ತಾಗುತ್ತದೆ. ವಾಲ್ವ್ ಮೋಟರ್‌ಸೈಕಲ್ ತರಹದ್ದೇ ಇರಲಿ, ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಹವಾ ಹಾಕಿಸಬಹುದು. ಆದರೆ ಕಂಪ್ರೆಸರ್ ಹುಡುಗನ ಕೈಗೆ ಬಿಡಬೇಡಿ. 16 ಇಂಚಿನ ಟ್ಯೂಬಿಗೆ ಎರಡು ಸೆಕೆಂಡ್ ಹೆಚ್ಚಾದರೆ ಟಯರ್ ರಿಮ್ಮಿನಿಂದ ಎದ್ದು ಢಂ ಅನ್ನುತ್ತದೆ.

ದೊಡ್ಡ ಟ್ರೈಕ್: ಕ್ರೋಮೊಲಿ ಉಕ್ಕಿನ ಫ್ರೇಮು, ಮೂರೂ ಗಾಲಿ 20 ಇಂಚು, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಗೇರು. ತೂಕ 16ರಿಂದ 20 ಕಿಲೊ. ಅಲ್ಯುಮಿನಿಯಂ ಹಗುರ, ನಿಜ. ಆದರೆ ಬಿರುಕು ಬಿಟ್ಟರೆ ಉಕ್ಕನ್ನು ಗುಳೇದಗುಡ್ಡದಲ್ಲೂ ವೆಲ್ಡ್ ಮಾಡಿಸಬಹುದು, ಅಲ್ಯುಮಿನಿಯಂ ವೆಲ್ಡ್ ಮಾಡುವ ಕೈ ಹುಡುಕಿಕೊಂಡು ಹೋಗಬೇಕು. ಹಿಂದೆ 34 ಹಲ್ಲಿನ ದೊಡ್ಡ ಚಕ್ರ, ಮುಂದೆ 30 ಹಲ್ಲಿನ ಸಣ್ಣ ಚಕ್ರ ಇದ್ದರೆ ಒಂದು ತುಳಿತಕ್ಕೆ ಗಾಡಿ ಸುಮಾರು 1.3 ಮೀಟರ್ ಮುಂದೆ ಹೋಗುತ್ತದೆ. ಎರಡು ಗಾಲಿಯ ಸೈಕಲ್ಲಿನಲ್ಲಿ ಇಷ್ಟು ನಿಧಾನ ಹೋದರೆ ಬೀಳುತ್ತೀರಿ. ಟ್ರೈಕ್ ಬೀಳುವುದಿಲ್ಲ, ಹಾಗಾಗಿ ಕಾಲುವೆ ಏರಿಯನ್ನು ಹತ್ತುವಾಗ ಈ ಗೇರು ಪೂರ್ತಿ ಉಪಯೋಗಕ್ಕೆ ಬರುತ್ತದೆ. ಎದ್ದು ನಿಂತು ತುಳಿಯಲು ಇದರಲ್ಲಿ ಆಗುವುದಿಲ್ಲ. ಸಣ್ಣ ಗೇರು ಇಲ್ಲದ ಟ್ರೈಕ್‌ನಲ್ಲಿ ಏರು ಹತ್ತಿದರೆ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ.

ಇನ್ನು ಮಗುವಿನದು. ಟ್ರೈಕನ್ನು ಕಾಲಿಗೆ ಹೊಂದಿಸಲು ಎರಡು ದಾರಿ. ಒಂದು, ಪೆಡಲ್ ಇರುವ ಮುಂದಿನ ಕೊಳವೆಯನ್ನು, ಅಂದರೆ ಬೂಮನ್ನು, ಹಿಂದೆ ಮುಂದೆ ಸರಿಸುವುದು. ಇನ್ನೊಂದು, ಪೆಡಲ್ ಅಲ್ಲೇ ಇದ್ದು ಸೀಟನ್ನೇ ಸರಿಸುವುದು. ಟೆರಾಟ್ರೈಕಿನ ರೋವರ್ ಎರಡನೇ ಬಗೆಯದು. ಬೆಳೆಯುವ ಮಗುವಿಗೆ ಎರಡನೆಯದೇ ಸರಿ. ಕಾರಣ ಚೈನ್. ಬೂಮ್ ಒಂದು ಇಂಚು ಮುಂದೆ ಹೋದರೆ ಮೇಲಿನ ಚೈನೂ ಕೆಳಗಿನ ಚೈನೂ ಒಂದೊಂದು ಇಂಚು ಬೇಡುತ್ತವೆ, ಒಟ್ಟು ಎರಡು ಇಂಚು, ಅಂದರೆ ನಾಲ್ಕು ಕೊಂಡಿ. ಹಿಂದೆ ಡಿರೇಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ತೂಗುತೋಳು) ಇದ್ದರೆ ಸ್ವಲ್ಪ ಮಟ್ಟಿಗೆ ಅದು ತಾನೇ ಎಳೆದುಕೊಳ್ಳುತ್ತದೆ, ಹಬ್ ಗೇರಿದ್ದರೆ, ಅಂದರೆ ಗೇರು ಗಾಲಿಯ ನಡುಗುಂಬದೊಳಗೇ ಇದ್ದರೆ, ಅದೂ ಇಲ್ಲ. ಮಗು ಬೆಳೆದ ಹಾಗೆಲ್ಲ ಚೈನ್ ಕಡಿಯುವುದು, ಸೇರಿಸುವುದು ಯಾರಿಂದಲೂ ನಡೆಯುವುದಿಲ್ಲ. ಬೂಮ್ ಹಾಗೇ ಉಳಿಯುತ್ತದೆ, ಮಗು ಮೊಣಕಾಲು ಮಡಚಿಕೊಂಡೇ ತುಳಿಯುತ್ತದೆ, ಮೊಣಕಾಲು ನೋವು ಅನ್ನುತ್ತದೆ, ಟ್ರೈಕ್ ಮೂಲೆಗೆ ಹೋಗುತ್ತದೆ.

ಸೀಟು ಸರಿಯುವುದರಲ್ಲೂ ಒಂದು ಕೊಂಕಿದೆ. ಸೀಟು ಮುಂದೆ ಹೋದಷ್ಟೂ ತೂಕ ಮುಂದಿನ ಗಾಲಿಗಳ ಮೇಲೆ ಬಿದ್ದು ಹಿಂದಿನ ಗಾಲಿ ಹಗುರಾಗುತ್ತದೆ. 25 ಕಿಲೊದ ಮಗು ಸಡಿಲ ಮಣ್ಣಿನಲ್ಲಿ ತುಳಿದರೆ ಹಿಂದಿನ ಗಾಲಿ ಅಲ್ಲೇ ಗರಗರ ಸುತ್ತುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಗಟ್ಟಿಯಾಗಿ ಬ್ರೇಕ್ ಹಿಡಿದರೆ ಹಿಂಭಾಗ ಎದ್ದೂಬಿಡಬಹುದು. ಹಿಂದಿನ ಕ್ಯಾರಿಯರ್‌ಗೆ ಎರಡು ಲೀಟರಿನ ಎರಡು ನೀರಿನ ಬಾಟಲಿ ಕಟ್ಟಿದರೆ ಎರಡೂ ತೊಂದರೆ ಬಹಳಷ್ಟು ಕಮ್ಮಿ, ನೀರೂ ಆಯಿತು. ಇನ್ನೊಂದು ನೋಡಬೇಕಾದ್ದು: ಸೀಟು ಪೂರ್ತಿ ಮುಂದಿರುವಾಗ ಹ್ಯಾಂಡಲ್ ಸೊಂಟದ ಪಕ್ಕಕ್ಕೆ ಬಂದು, ಪೂರ್ತಿ ತಿರುಗಿಸಿದಾಗ ತೊಡೆಗೆ ತಾಕುತ್ತದೆಯೋ ಎಂದು. ತಾಕಿದರೆ ಹ್ಯಾಂಡಲ್ ಅಗಲಿಸುವ ಬೋಲ್ಟ್ ಇರಬೇಕು. ಇಲ್ಲದಿದ್ದರೆ ಆ ಗಾಡಿ ಬೇಡ.

ಕ್ರ್ಯಾಂಕ್ ಉದ್ದದ ವಿಚಾರದಲ್ಲಿ ಮಾರುವವರೂ ಅಸಡ್ಡೆ ಮಾಡುತ್ತಾರೆ. ದೊಡ್ಡವರ 165 ಅಥವಾ 170 ಮಿ.ಮೀ. ಕ್ರ್ಯಾಂಕನ್ನೇ ಮಕ್ಕಳ ಟ್ರೈಕ್‌ಗೆ ಹಾಕಿ ಕಳಿಸುವುದುಂಟು. ಒಳಗಾಲಿನ ಅಳತೆ (ತೊಡೆಸಂದಿಯಿಂದ ಹಿಮ್ಮಡಿ ತನಕ) 60 ಸೆಂ.ಮೀ. ಇರುವ ಮಗುವಿಗೆ 115ರಿಂದ 125 ಮಿ.ಮೀ. ಸಾಕು. ಅದಕ್ಕಿಂತ ಉದ್ದವಾದರೆ ಪೆಡಲ್ ಹತ್ತಿರ ಬಂದಾಗ ಮೊಣಕಾಲು ಎದೆಯ ಕಡೆಗೇ ಬರುತ್ತದೆ, ದೂರ ಹೋದಾಗ ಸೊಂಟ ಸೀಟಿನಲ್ಲಿ ಅತ್ತಿತ್ತ ಜಾರುತ್ತದೆ. ಪರೀಕ್ಷೆ ಸುಲಭ: ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅತಿ ದೂರಕ್ಕೆ ತುಳಿಸಿ, ಕಾಲು ನೇರವಾಗಬೇಕು. ಪಾದದ ಮುಂಭಾಗ ಇಟ್ಟು ತುಳಿದಾಗ ಮೊಣಕಾಲು ಸ್ವಲ್ಪ ಮಡಚಿರಬೇಕು. ಪೇಟೆಯಲ್ಲಿ ಸಿಗುವ ಮಕ್ಕಳ ಸೈಕಲ್ಲಿನ ಒಂಟಿ ತುಂಡಿನ ಕ್ರ್ಯಾಂಕ್ ಇದಕ್ಕೆ ಕೂಡುವುದಿಲ್ಲ, ಅದರ ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕಿನ ಆ್ಯಕ್ಸಲ್ ಕೂರುವ ಗೂಡೇ ಬೇರೆ ಅಳತೆ. ಚೌಕ ಆ್ಯಕ್ಸಲ್‌ಗೆ ಕೂರುವ ಗಿಡ್ಡ ಕ್ರ್ಯಾಂಕನ್ನು ಗಾಡಿಯ ಜೊತೆಯಲ್ಲೇ ತರಿಸಿ.

ಮಗುವಿನ ಟ್ರೈಕ್‌ಗೆ ಗೇರು ಮೂರೇ ಸಾಕು, ಅದೂ ಹಬ್ಬಿನೊಳಗಿನದು. 20 ಇಂಚಿನ ಹಿಂದಿನ ಗಾಲಿಯಲ್ಲಿ ಡಿರೇಲರ್ ತೂಗಿಬಿದ್ದರೆ ಅದಕ್ಕೂ ನೆಲಕ್ಕೂ ನಡುವೆ ಗೇಣು ಜಾಗವೂ ಉಳಿಯುವುದಿಲ್ಲ. ಕಬ್ಬಿನ ರವದಿ, ಹುಲ್ಲು, ಜೋಳದ ದಂಟು ಎಲ್ಲ ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಮುಂದೆ 28, ಹಿಂದೆ 20 ಹಲ್ಲು ಇಟ್ಟರೆ ನಡುವಿನ ಗೇರಿನಲ್ಲಿ ಒಂದು ತುಳಿತಕ್ಕೆ ಸುಮಾರು 2.1 ಮೀಟರ್, ಸಣ್ಣದರಲ್ಲಿ 1.6 ಮೀಟರ್. ಮಗು ಗಂಟೆಗೆ ಎಂಟು ಕಿಲೊಮೀಟರಿನಲ್ಲಿ ಹೋಗುವಾಗ ನಿಮಿಷಕ್ಕೆ ಅರವತ್ತು ಚಿಲ್ಲರೆ ತುಳಿತ ಬೀಳುತ್ತದೆ, ಆಯಾಸವಾಗುವುದಿಲ್ಲ. ಹಬ್ ಗೇರಿನಲ್ಲಿ ಗಾಡಿ ನಿಂತಿದ್ದಾಗಲೂ ಗೇರು ಬದಲಾಗುತ್ತದೆ, ಮಕ್ಕಳಿಗೆ ಅದೇ ದೊಡ್ಡ ಅನುಕೂಲ. ಏರಿನ ನಡುವೆ ನಿಂತುಹೋದರೆ ಸಣ್ಣ ಗೇರಿಗೆ ತಿರುಗಿಸಿ ಮತ್ತೆ ಹೊರಡಬಹುದು.

ಪೆಡಲ್ ಬಗ್ಗೆ ಮಾತ್ರ ರಾಜಿ ಬೇಡ. ಸಾದಾ ಸೈಕಲ್ಲಿನಲ್ಲಿ ಕಾಲು ಜಾರಿದರೆ ನೆಲಕ್ಕೆ ಊರುತ್ತದೆ, ಅಷ್ಟೇ. ಟ್ರೈಕ್‌ನಲ್ಲಿ ಪಾದ ಜಾರಿ ನೆಲಕ್ಕೆ ತಾಗಿತೋ, ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ, ಕಾಲು ಫ್ರೇಮಿನ ಅಡ್ಡಪಟ್ಟಿಯ ಕೆಳಗೆ ಮಡಚಿಕೊಂಡು ಹೋಗುತ್ತದೆ. ಕಣಕಾಲು ಮುರಿಯುವುದು ಹೀಗೆ. ಹಿಮ್ಮಡಿ ಹಿಡಿಯುವ ಬೆಲ್ಟ್ ಇರುವ ಪೆಡಲ್ ಹಾಕಲೇಬೇಕು. ತರಿಸಲು ಆಗದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಶಾಲಾ ಬ್ಯಾಗಿನ ನೈಲಾನ್ ಪಟ್ಟಿ ಕೊಟ್ಟು, ಹಿಮ್ಮಡಿಯ ಹಿಂದೆ ಒಂದು ಬಳಸು, ಪಾದದ ಮೇಲೆ ಒಂದು ಬಳಸು ಹೊಲಿಸಿ. ಮೇಲಿನ ಬಳಸಿಗೆ ಚರಚರ ಕಿತ್ತುಬರುವ ವೆಲ್ಕ್ರೊ ಇರಲಿ, ಬಕಲ್ ಬೇಡ. ಮಗು ತಾನೇ ಬಿಚ್ಚಿಕೊಳ್ಳುವಂತಿರಬೇಕು. ಚಪ್ಪಲಿ ಹಾಕಿಕೊಂಡು ಹತ್ತಿಸಬೇಡಿ, ಬೂಟೇ ಆಗಬೇಕು. ಲೇಸಿನ ತುದಿ ಒಳಗೆ ಸಿಕ್ಕಿಸಿರಬೇಕು.

ಬ್ರೇಕ್: ಟ್ಯಾಡ್‌ಪೋಲಿನಲ್ಲಿ ಎಡಗೈ ಲಿವರ್ ಒಂದು ಮುಂಗಾಲಿಗೆ, ಬಲಗೈಯದು ಇನ್ನೊಂದಕ್ಕೆ. ದೊಡ್ಡವರು ಎರಡನ್ನೂ ಸಮ ಹಿಡಿಯುತ್ತಾರೆ. ಮಗು ಗಾಬರಿಯಲ್ಲಿ ಒಂದನ್ನೇ ಹಿಡಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ, ಇಕ್ಕಟ್ಟಾದ ಏರಿಯ ಮೇಲೆ ಇದು ಸಣ್ಣ ವಿಷಯವಲ್ಲ. ಪರಿಹಾರ ಒಂದೇ ಲಿವರಿನಿಂದ ಎರಡು ಕೇಬಲ್ ಎಳೆಯುವ ಜೋಡಿ ಲಿವರ್. ಮಗುವಿನ ಬಲಗೈಗೆ ಅದು, ಎಡಗೈಗೆ ಗೇರು. ಲಿವರನ್ನು ಹಿಡಿಯ ಹತ್ತಿರ ತರುವ ಸಣ್ಣ ತಿರುಪು ಇರುತ್ತದೆ. ಮಗುವಿನ ಎರಡು ಬೆರಳಿನ ಮೊದಲ ಗೆಣ್ಣು ಲಿವರನ್ನು ಬಳಸುವಷ್ಟು ತಿರುಗಿಸಿ. ಎರಡು ಕೇಬಲ್ಲಿನ ಬಿಗಿ ಸಮ ಇದೆಯೋ ಎಂದು ನೋಡಲು ಡಾಂಬರಿನ ಮೇಲೆ ನಿಧಾನವಾಗಿ ಓಡಿಸಿ, ಹ್ಯಾಂಡಲನ್ನು ಸಡಿಲ ಹಿಡಿದು ಬ್ರೇಕ್ ಒತ್ತಿ. ಎಡಕ್ಕೆ ಎಳೆದರೆ ಬಲದ ಕೇಬಲ್ ಬಿಗಿ ಮಾಡಬೇಕು.

ಡಿಸ್ಕೋ ಡ್ರಮ್ಮೋ? ನಮ್ಮ ದೂಳಿಗೆ ಮಗುವಿನ ಗಾಡಿಯಲ್ಲಿ 70 ಮಿ.ಮೀ. ಡ್ರಮ್ ಬ್ರೇಕ್ ಮೇಲು. ಒಳಗೆ ಮುಚ್ಚಿಕೊಂಡಿರುವುದರಿಂದ ಕೆಸರೂ ದೂಳೂ ಹೋಗುವುದಿಲ್ಲ, ವರ್ಷಗಟ್ಟಲೆ ಮುಟ್ಟಬೇಕಿಲ್ಲ, ಮಕ್ಕಳ ಬೆರಳು ಕಾದ ತಟ್ಟೆಗೆ ತಾಗುವ ಭಯವೂ ಇಲ್ಲ. ದೊಡ್ಡವರ ಗಾಡಿಗೆ ಕೇಬಲ್ಲಿನ ಡಿಸ್ಕ್ ಇರಲಿ, ಹೈಡ್ರಾಲಿಕ್ ಬೇಡ. ಆಯಿಲ್ ಸೋರಿದರೆ ಸರಿಮಾಡಿಸಲು ಹುಬ್ಬಳ್ಳಿಗೋ ಬೆಳಗಾವಿಗೋ ಹೊರಡಬೇಕಾದೀತು. ಪಾರ್ಕಿಂಗ್ ಲಾಕ್ ಎರಡಕ್ಕೂ ಬೇಕೇಬೇಕು. ಇಳಿಜಾರಿನಲ್ಲಿ ನಿಲ್ಲಿಸಿದ ಟ್ರೈಕ್ ತಾನಾಗಿ ಉರುಳುತ್ತದೆ, ಸ್ಟ್ಯಾಂಡ್ ಎಂಬುದಿಲ್ಲ. ಹತ್ತುವಾಗ ಇಳಿಯುವಾಗ ಬ್ರೇಕ್ ಹಿಡಿದಿರುವುದನ್ನು ಮಗುವಿಗೆ ಮೊದಲ ದಿನವೇ ರೂಢಿ ಮಾಡಿಸಿ.

ದಂಡೆಯ ದಾರಿಯಲ್ಲಿ ಟ್ರೈಕಿನ ನಿಜವಾದ ವೈರಿ ಚಕ್ಕಡಿ ಜಾಡು. ಟ್ರೈಕಿನ ಮುಂಗಾಲಿಗಳ ನಡುವಿನ ಅಂತರ 70ರಿಂದ 80 ಸೆಂ.ಮೀ. ಚಕ್ಕಡಿಯದೂ ಟ್ರಾಕ್ಟರಿನದೂ ಅದಕ್ಕಿಂತ ಎಷ್ಟೋ ಅಗಲ. ಎರಡು ಜಾಡಿನಲ್ಲಿ ಎರಡು ಗಾಲಿ ಕೂರುವುದಿಲ್ಲ. ಒಂದು ಜಾಡಿನಲ್ಲಿ, ಇನ್ನೊಂದು ನಡುವಿನ ದಿಬ್ಬದ ಮೇಲೆ. ಗಾಡಿ ಓರೆಯಾಗಿ ಓಡುತ್ತದೆ, ಹಿಂದಿನ ಗಾಲಿ ದಿಬ್ಬದ ಇಳಿಜಾರಿನಲ್ಲಿ ಜಾರುತ್ತಲೇ ಇರುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ಒತ್ತಿ ಬೇಸಿಗೆಯಲ್ಲಿ ಒಣಗಿದರೆ ಆ ಜಾಡು ಕಾಂಕ್ರೀಟಿನಷ್ಟು ಗಟ್ಟಿ. ಜಾಡಿನ ಆಳ ನಾಲ್ಕು ಬೆರಳಿಗಿಂತ ಕಡಿಮೆ ಇದ್ದರೆ ದಿಬ್ಬದ ನೆತ್ತಿಯ ಮೇಲೆ ಹಿಂದಿನ ಗಾಲಿ ಇಟ್ಟು ಹೋಗಬಹುದು. ಅದಕ್ಕಿಂತ ಆಳ ಇದ್ದರೆ ಮೇಲ್ಗಡೆಯ ಗಾಲಿಯ ಕಡೆಗೆ ಮೈ ವಾಲಿಸಿ ನಿಧಾನಕ್ಕೆ ಹೋಗಬೇಕು, ಮಗುವನ್ನು ಇಳಿಸಿಬಿಡುವುದು ಇನ್ನೂ ಒಳ್ಳೆಯದು. ತಿರುವಿನಲ್ಲಿಯೂ ಇದೇ ಸೂತ್ರ: ಎಡಕ್ಕೆ ತಿರುಗುವಾಗ ಎಡಕ್ಕೆ ವಾಲು. ಒಳಗಾಲಿ ನೆಲ ಬಿಟ್ಟೇಳುವ ಮಜಾ ಮಕ್ಕಳಿಗೆ ಬೇಗ ಹತ್ತುತ್ತದೆ. ಅದನ್ನು ನವನಗರದ ಖಾಲಿ ಮೈದಾನದಲ್ಲಿ ಆಡಲಿ, ಏರಿ ಮೇಲೆ ಬೇಡ.

ರೋಡ್ ಹಂಪ್‌ಗಳ ಬಗ್ಗೆ ಒಂದೇ ಮಾತು: ಅಡ್ಡಪಟ್ಟಿಯ ಕೆಳಗೆ 10 ಸೆಂ.ಮೀ.ಗಿಂತ ಕಡಿಮೆ ಜಾಗ ಇರುವ ಟ್ರೈಕ್ ನಮ್ಮ ಊರುಗಳಿಗೆ ಬೇಡ. ಹಳ್ಳಿಯವರೇ ಮಣ್ಣು, ಕಲ್ಲು ಹಾಕಿ ಮಾಡಿದ ಹಂಪಿಗೆ ಅಳತೆಯ ಹಂಗಿಲ್ಲ.

ಮುಳ್ಳಿನ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಸೈಕಲ್ಲಿನಲ್ಲಿ ಹಿಂದಿನ ಗಾಲಿ ಮುಂದಿನ ಗಾಲಿಯ ಗೆರೆಯಲ್ಲೇ ಬರುತ್ತದೆ. ಟ್ರೈಕ್ ಮೂರು ಬೇರೆ ಬೇರೆ ಗೆರೆ ಎಳೆಯುತ್ತದೆ, ಹಾಗಾಗಿ ಮುಳ್ಳು ಹೆಕ್ಕುವ ಅವಕಾಶವೂ ಹೆಚ್ಚು. ಅಪ್ಪ ಮಗು ಇಬ್ಬರೂ ಹೊರಟರೆ ಆರು ಗೆರೆ, ಆರು ಟಯರ್. ಹಿನ್ನೀರಿನ ಅಂಚಿನಲ್ಲಿ ಬಳ್ಳಾರಿ ಜಾಲಿ ಎಲ್ಲೆಲ್ಲೂ ಇದೆ. ಉರುವಲಿಗೆ ಕಡಿದು ಎಳೆದೊಯ್ದ ದಾರಿಯಲ್ಲಿ ಅದರ ಮುಳ್ಳು ಬಿದ್ದಿರುತ್ತದೆ. ಅದಕ್ಕಿಂತ ಕೆಟ್ಟದ್ದು ನೆಗ್ಗಿಲು. ಮಳೆ ನಿಂತ ಮೇಲೆ ದಾರಿಯ ಅಂಚಿಗೆ ಹಬ್ಬಿ ಹಳದಿ ಹೂ ಬಿಡುವ ಬಳ್ಳಿ ಅದೇ. ಕಾಯಿ ಒಣಗಿ ಒಡೆದರೆ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖ. ಜಾಲಿ ಮುಳ್ಳು ದೊಡ್ಡದು, ಒಮ್ಮೆಲೇ ಹವಾ ಹೋಗುತ್ತದೆ, ಗೊತ್ತಾಗುತ್ತದೆ. ನೆಗ್ಗಿಲು ಟಯರಿನಲ್ಲೇ ಮುರಿದು ಕೂತು, ರಾತ್ರಿ ಇಡೀ ಸಣ್ಣಗೆ ಹವಾ ಬಿಡಿಸುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮೂರರಲ್ಲಿ ಎರಡು ಗಾಲಿ ಚಪ್ಪಟೆ.

ಕಂಪನಿ ಕೊಡುವ ತೆಳು ಟಯರನ್ನು ಬಿಚ್ಚಿಟ್ಟು, ಒಳಗೆ ರಬ್ಬರ್ ಪಟ್ಟಿ ಇರುವ ದಪ್ಪ ಟಯರ್ ಹಾಕಿ. ಸಿಗದಿದ್ದರೆ ಊರಿನ 20×2.125 ಟಯರ್, ಅದರೊಳಗೆ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಹಾಸಿದ ಪಟ್ಟಿ. ಆ ಪಟ್ಟಿಯ ತುದಿಗಳನ್ನು ಓರೆಯಾಗಿ ಕತ್ತರಿಸಿ, ಮರಳು ಕಾಗದದಿಂದ ಉಜ್ಜಿ ತೆಳು ಮಾಡಿ, ಇಲ್ಲವಾದರೆ ಆ ಅಂಚೇ ಟ್ಯೂಬನ್ನು ತಿನ್ನುತ್ತದೆ. ಟ್ಯೂಬಿನೊಳಗೆ ಸೀಲಂಟ್ (ತೂತನ್ನು ತಾನೇ ಮುಚ್ಚುವ ದ್ರವ) 20 ಇಂಚಿಗೆ 80ರಿಂದ 100 ಮಿ.ಲೀ., 16 ಇಂಚಿಗೆ 60 ಸಾಕು. ಲೇಟೆಕ್ಸ್ ಸೀಲಂಟ್ ನಮ್ಮ ಏಪ್ರಿಲ್ ಬಿಸಿಲಿಗೆ ಬೇಗ ಒಣಗಿ ಉಂಡೆಯಾಗುತ್ತದೆ, ಗ್ಲೈಕಾಲ್ ಆಧಾರದ್ದು ತಡೆಯುತ್ತದೆ. ಹವಾ ದೊಡ್ಡವರ ಗಾಡಿಗೆ 40 ಪಿಎಸ್‌ಐ, ಮಗುವಿನದಕ್ಕೆ 20ರಿಂದ 25. ಟಯರಿನ ಮೇಲೆ ಬರೆದ ಗರಿಷ್ಠ ಅಂಕಿ ತುಂಬಿಸಿದರೆ ಮಗುವಿನ ಹಗುರ ಮೈ ಪ್ರತಿ ಕಲ್ಲಿಗೂ ಪುಟಿಯುತ್ತದೆ.

ಸಮಾಧಾನದ ಸಂಗತಿಯೂ ಒಂದಿದೆ. ಮುಂದಿನ ಗಾಲಿಗಳ ಆ್ಯಕ್ಸಲ್ ಒಂದೇ ಬದಿಗೆ ಹಿಡಿದಿರುತ್ತದೆ, ಹೊರಬದಿ ಖಾಲಿ. ಗಾಲಿ ಬಿಚ್ಚದೆಯೇ ಗಾಡಿಯನ್ನು ಪಕ್ಕಕ್ಕೆ ಮಲಗಿಸಿ ಟಯರ್ ಎಬ್ಬಿಸಿ ಪಂಕ್ಚರ್ ಹಾಕಬಹುದು, ಹತ್ತು ನಿಮಿಷದ ಕೆಲಸ. ಹಿಂದಿನ ಗಾಲಿಗೆ ಮಾತ್ರ ಪಾನಾ, ಚೈನು, ಗೇರಿನ ಕೇಬಲ್ ಎಲ್ಲದರ ರಗಳೆ ಇದೆ. ಅತಿ ಗಟ್ಟಿ ಟಯರ್, ಹೆಚ್ಚು ಸೀಲಂಟ್ ಅಲ್ಲಿಗೇ ಹಾಕಿ.

ಟಯರ್ ಸವೆಯುವುದು ಮುಳ್ಳಿನಿಂದ ಅಲ್ಲ, ಟೋ, ಅಂದರೆ ಮುಂಗಾಲಿಗಳ ನೇರ, ತಪ್ಪಿದ್ದರಿಂದ. ಮುಂದಿನ ಎರಡು ಗಾಲಿ ಸಮಾನಾಂತರವಾಗಿ, ಕೂದಲೆಳೆಯಷ್ಟು ಒಳಮುಖವಾಗಿ ಇರಬೇಕು. ಜಾಡಿನಲ್ಲಿ ಒಂದು ಜೋರು ಹೊಡೆತ ಬಿದ್ದರೆ ಇದು ಕೆಡುತ್ತದೆ. ಕೆಟ್ಟರೆ ಗಾಡಿ ಭಾರವಾಗುತ್ತದೆ, ಟಯರಿನ ಮೇಲೆ ಹಕ್ಕಳೆ ಎದ್ದ ಹಾಗೆ ರಬ್ಬರು ಕೀಳುತ್ತದೆ, ಕೆಲವೇ ನೂರು ಕಿಲೊಮೀಟರಿಗೆ ನೂಲು ಕಾಣುತ್ತದೆ. ಅಳೆಯುವುದು ಹೀಗೆ: ಸಮ ನೆಲದಲ್ಲಿ ಹ್ಯಾಂಡಲ್ ನೇರ ಮಾಡಿ ಹಗ್ಗದಿಂದ ಕಟ್ಟಿ. ಆ್ಯಕ್ಸಲ್ ಎತ್ತರದಲ್ಲೇ, ಗಾಲಿಗಳ ಮುಂಭಾಗದಲ್ಲಿ ಒಂದು ರಿಮ್ಮಿನ ಒಳ ಅಂಚಿನಿಂದ ಇನ್ನೊಂದರ ಒಳ ಅಂಚಿಗೆ ಟೇಪು ಹಿಡಿಯಿರಿ, ಹಾಗೆಯೇ ಹಿಂಭಾಗದಲ್ಲೂ. ಮುಂದಿನ ಅಳತೆ ಹಿಂದಿನದಕ್ಕಿಂತ 1ರಿಂದ 2 ಮಿ.ಮೀ. ಕಡಿಮೆ ಬರಬೇಕು. ಬರದಿದ್ದರೆ ಎರಡು ಮುಂಗಾಲಿಗಳನ್ನು ಜೋಡಿಸುವ ಟೈ ರಾಡಿನ ಎರಡೂ ಕಡೆಯ ಲಾಕ್ ನಟ್ ಸಡಿಲಿಸಿ ರಾಡನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಒಂದು ಬದಿಯ ನಟ್ ಉಲ್ಟಾ ತಿರುಪಿನದು, ಸಾಮಾನ್ಯ ನಟ್ಟಿನ ಹಾಗೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಅಂಗಡಿಯಲ್ಲಿ ಬಿಟ್ಟರೆ ಸುತ್ತಿಗೆ ಎತ್ತಿಕೊಳ್ಳುವುದು ಇಲ್ಲೇ. ಪಕ್ಕದಲ್ಲಿ ನಿಂತು ಮಾಡಿಸಿ. ಮಗು ಕೂತಾಗ ಒಮ್ಮೆ, ಇಳಿದಾಗ ಒಮ್ಮೆ ಅಳೆಯುವುದು ಇನ್ನೂ ಸರಿ, ತೂಕ ಬಿದ್ದರೆ ಸ್ವಲ್ಪ ವ್ಯತ್ಯಾಸ ಬರುತ್ತದೆ.

ಮಳೆಗಾಲದಲ್ಲಿ ಎರೆ ದಾರಿಗೆ ಇಳಿಯಲೇಬೇಡಿ. ಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡಿನೊಳಗೆ ಒತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಒಂದು ಗಾಲಿ ನಿಂತು ಇನ್ನೊಂದು ತಿರುಗಿದರೆ ಗಾಡಿ ಗಿರಕಿ ಹೊಡೆದು ಬದುವಿಗೆ ಮುಖ ಮಾಡುತ್ತದೆ. ಜೂನಿನಿಂದ ಆಗಸ್ಟ್ ತನಕ ಡಾಂಬರೇ ಗತಿ. ಆ ತಿಂಗಳುಗಳಲ್ಲಿ ಪಡುವಣ ಗಾಳಿಯೂ ಜೋರು. ಹೋಗುವಾಗ ಪಡುವಣಕ್ಕೆ ತುಳಿದು, ಬರುವಾಗ ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡರೆ ಮಗು ಅಳುವುದಿಲ್ಲ. ಬೇಸಿಗೆಯಲ್ಲಿ ತೊಂದರೆ ಬೇರೆ. ಒರಗಿ ಕೂತವರ ಮುಖ ಆಕಾಶಕ್ಕೆ, ಸೂರ್ಯ ನೇರ ಕಣ್ಣಿಗೆ. ಮುಂಚಾಚು ಇರುವ ಟೋಪಿ, ಅದರ ಮೇಲೆ ಹೆಲ್ಮೆಟ್, ಮೊಣಕಾಲು ಮುಚ್ಚುವ ತೆಳು ಪ್ಯಾಂಟು. ಬಿಸಿಲಲ್ಲಿ ನಿಂತ ಕರಿ ಬಲೆಯ ಸೀಟು ತೊಡೆಗೆ ಚುರ್ ಅನ್ನುತ್ತದೆ, ಒಂದು ಹಳೆಯ ದಟ್ಟಿ ಹಾಸಿ. ಮಾರ್ಚಿನಿಂದ ಮೇ ತನಕ ಒಂಬತ್ತರ ಒಳಗೆ ಮನೆಗೆ ಬಂದಿರಬೇಕು.

ಜೋಡಿಯಾಗಿ ಹೋಗುವ ಕ್ರಮ: ಮಗು ಮುಂದೆ, ದೊಡ್ಡವರು ಹಿಂದೆ, ಅರ್ಧ ಗಾಡಿಯಷ್ಟು ಬಲಕ್ಕೆ ಸರಿದು. ಹಿಂದಿನಿಂದ ಬರುವ ಬೈಕಿನವನು ಮೊದಲು ದೊಡ್ಡ ಗಾಡಿ ಕಂಡು ಸುತ್ತಿ ಹೋಗುತ್ತಾನೆ. ರಸ್ತೆ ದಾಟುವಾಗ ಮಾತ್ರ ದೊಡ್ಡವರು ಮುಂದೆ ಹೋಗಿ ಅಡ್ಡ ನಿಲ್ಲಬೇಕು. ಇಬ್ಬರ ಹಿಂದೆಯೂ ನೆಲದಿಂದ ಆರಡಿ ಎತ್ತರದ ಫೈಬರ್ ಕಡ್ಡಿಗೆ ಕೇಸರಿ ಅಥವಾ ಗಿಣಿ ಹಸಿರು ಬಾವುಟ ಕಡ್ಡಾಯ. ಟ್ರೈಕಿನಲ್ಲಿ ಕೂತ ಮಗುವಿನ ತಲೆ ಎದ್ದು ನಿಂತ ಮಗುವಿನ ಸೊಂಟದಿಂದ ಸ್ವಲ್ಪವೇ ಮೇಲೆ. ಎರಡೂ ಕಡೆ ಕಬ್ಬು ನಿಂತ ತಿರುವಿನಲ್ಲಿ ಟ್ರಾಕ್ಟರ್ ಓಡಿಸುವವರಿಗೆ ಕಾಣುವುದು ಬಾವುಟ ಒಂದೇ. ಕಬ್ಬು ಸಾಗಿಸುವ ಕಾಲದಲ್ಲಿ, ನವೆಂಬರಿನಿಂದ ಮಾರ್ಚ್ ತನಕ, ಎರಡೆರಡು ಟ್ರೇಲರ್ ಎಳೆಯುವ ಟ್ರಾಕ್ಟರ್ ಬಂದರೆ ದಾರಿ ಬಿಟ್ಟು ಪೂರ್ತಿ ಕೆಳಗಿಳಿದು ನಿಲ್ಲಿ. ಹಿಂದಿನ ಟ್ರೇಲರ್ ಎಲ್ಲಿ ಬಾಲ ಬೀಸುತ್ತದೆಂದು ಓಡಿಸುವವನಿಗೂ ಗೊತ್ತಿರುವುದಿಲ್ಲ, ಹೊರಚಾಚಿದ ಕಬ್ಬಿನ ತುದಿಗಳು ಸರಿಯಾಗಿ ಟ್ರೈಕಿನವರ ಮುಖದ ಎತ್ತರದಲ್ಲೇ ಬರುತ್ತವೆ. ಸೊಲ್ಲಾಪುರ–ಹುಬ್ಬಳ್ಳಿ ಹೆದ್ದಾರಿಯನ್ನು ದಾಟಬಹುದು, ಅದರ ಮೇಲೆ ಮಗುವನ್ನು ಓಡಿಸುವುದು ಹುಚ್ಚು.

ಕಾಲುವೆ ದಂಡೆ ಸಮ ಇರುತ್ತದೆ, ವಾಹನ ಕಡಿಮೆ, ಮಕ್ಕಳಿಗೆ ಹೇಳಿ ಮಾಡಿಸಿದ ದಾರಿ ಅನಿಸುತ್ತದೆ. ನೀರಿನಿಂದ ಎರಡು ಮೀಟರ್ ಆಚೆ ಮಗು, ನೀರಿನ ಕಡೆಗೆ ದೊಡ್ಡವರು, ಇದು ಬದಲಾಗಬಾರದು. ಲೈನಿಂಗ್ ಮಾಡಿದ ಕಾಲುವೆಯ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಬಿದ್ದರೆ ಈಜು ಬಲ್ಲವರೂ ಹತ್ತಿ ಬರಲಾರರು, ಪೆಡಲಿಗೆ ಪಾದ ಕಟ್ಟಿಕೊಂಡ ಮಗುವಿನ ಮಾತು ಬೇಡವೇ ಬೇಡ. ಗಾಡಿ ತೊಳೆಯಲು ನದಿಗೂ ಇಳಿಸಬೇಡಿ. ಕೃಷ್ಣೆಯಲ್ಲಿ ಮೊಸಳೆ ಇವೆ, ಅದಲ್ಲದೆ ನೀರಲ್ಲಿ ಮುಳುಗಿಸಿದರೆ ಹಬ್ಬಿನ ಬೇರಿಂಗ್ ಗ್ರೀಸು ಹಾಳು. ಪಟ್ಟದಕಲ್ಲಿನಲ್ಲಿ ಗುಡಿಗಳ ಆವರಣದ ಹೊರಗೇ ನಿಲ್ಲಿಸಿ ಬೀಗ ಹಾಕಬೇಕು. ಹುಡುಗರು ಹತ್ತಿ ಕೂರುವುದನ್ನು ತಡೆಯಲಾಗುವುದಿಲ್ಲ, ಹಾಗಾಗಿ ಪಾರ್ಕಿಂಗ್ ಲಾಕಿನ ಜೊತೆ ಹಿಂದಿನ ಗಾಲಿಗೆ ಸರಪಳಿಯೂ ಇರಲಿ.

ಮಗು ಸೋತರೆ ಎಳೆದುಕೊಂಡು ಹೋಗಲು ಹಗ್ಗ ಕಟ್ಟುವವರಿದ್ದಾರೆ. ಹಗ್ಗ ಎಳೆಯುತ್ತದೆ, ನಿಲ್ಲಿಸುವುದಿಲ್ಲ. ಮುಂದಿನವರು ಬ್ರೇಕ್ ಹಿಡಿದರೆ ಮಗು ಬಂದು ಹಿಂದಿನ ಗಾಲಿಗೆ ಗುದ್ದುತ್ತದೆ, ಸಡಿಲವಾದ ಹಗ್ಗ ಮುಂಗಾಲಿಗೆ ಸುತ್ತುತ್ತದೆ. ಗಟ್ಟಿ ಕೊಳವೆಯ ಟೋ ಬಾರ್ ಇದ್ದರೆ ಎಳೆಯಿರಿ, ಇಲ್ಲದಿದ್ದರೆ ನೆರಳಲ್ಲಿ ಕೂತು ಬೆಲ್ಲ ಶೇಂಗಾ ತಿನ್ನಿಸಿ ಹೊರಡಿ. ಹತ್ತು ವರ್ಷದ ಮಗುವಿಗೆ ಹೋಗಿಬರುವುದು ಸೇರಿ 12ರಿಂದ 15 ಕಿ.ಮೀ. ಹದ.

ಮನೆ ಬಾಗಿಲ ಅಳತೆಯನ್ನು ಕೊಳ್ಳುವ ಮುಂಚೆ ನೋಡಿ. ದೊಡ್ಡ ಟ್ರೈಕಿನ ಒಟ್ಟು ಅಗಲ 80 ಸೆಂ.ಮೀ. ಆಸುಪಾಸು, ಎರಡೂವರೆ ಅಡಿಯ ಬಾಗಿಲು 76. ಹಾಗೇ ತೂರುವುದಿಲ್ಲ, ಪಕ್ಕಕ್ಕೆ ತಿರುಗಿಸಿ ಒಂದು ಮುಂಗಾಲಿಯ ಮೇಲೆ ನಿಲ್ಲಿಸಿ ಒಳಗೆ ಉರುಳಿಸಬೇಕು. ಮಡಚುವ ಮಾದರಿ ಆದರೆ ಬೊಲೆರೊ ಹಿಂದೆ ಎರಡೂ ಹಿಡಿಯುತ್ತವೆ, ಮಡಚದಿದ್ದರೆ ಟಂಟಂ ಬಾಡಿಗೆ ಹಿಡಿಯಬೇಕು.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ, ಮಕ್ಕಳದಂತೂ ಹೆಚ್ಚಾಗಿ ಸವೆಯುವ ಮುಂಚೆಯೇ ಚಿಕ್ಕದಾಗಿಬಿಟ್ಟಿರುತ್ತದೆ. ನೋಡಬೇಕಾದ ಜಾಗ ಮೂರು. ಅಡ್ಡಪಟ್ಟಿ ನಡುಗೊಳವೆಗೆ ಸೇರುವ ವೆಲ್ಡಿನ ಸುತ್ತ ಬಣ್ಣದಲ್ಲಿ ಕೂದಲಿನಂಥ ಗೆರೆ ಇದೆಯೇ, ಉಗುರಿನಿಂದ ಕೆರೆದು ನೋಡಿ. ಗೆರೆಗೆ ತುಕ್ಕು ಕೂತಿದ್ದರೆ ಅದು ಬಿರುಕು. ಮುಂಗಾಲಿಯ ಮೇಲ್ತುದಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗೋ ಕಿಂಗ್ ಪಿನ್ನೋ (ಮುಂಗಾಲಿ ಎಡಬಲ ತಿರುಗುವ ಕೀಲು) ಸವೆದಿದೆ. ಗಾಲಿ ಬಿಚ್ಚಿ ಆ್ಯಕ್ಸಲನ್ನು ತಿರುಗಿಸಿ ನೋಡಿ. ಬಾಗಿದ್ದರೆ ತುದಿ ಸುತ್ತುತ್ತಾ ಅಲುಗುತ್ತದೆ. ಬಾಗಿದ್ದರೂ ಗಾಡಿ ಬಿಡಬೇಕಿಲ್ಲ, ಬೆಲೆ ಇಳಿಸಿ ಕೇಳಿ. 12 ಮಿ.ಮೀ. ಆ್ಯಕ್ಸಲನ್ನು ಬೆಳಗಾವಿಯ ಉದ್ಯಮಬಾಗದ ಲೇತ್ ಕೆಲಸದವರು ಕಡೆದುಕೊಡುತ್ತಾರೆ. ಹಳೆಯದನ್ನು ಮಾದರಿಗೆ ಒಯ್ಯಿರಿ, ಇಎನ್ 24 ಎಂಬ ಗಟ್ಟಿ ಮಿಶ್ರ ಉಕ್ಕಿನಲ್ಲೇ ಆಗಬೇಕೆಂದು ಹೇಳಿ. ಸಾದಾ ಮೈಲ್ಡ್ ಸ್ಟೀಲಿನಲ್ಲಿ ಕಡೆದರೆ ಮೊದಲ ಚಕ್ಕಡಿ ಜಾಡಿಗೇ ಮತ್ತೆ ಬಾಗುತ್ತದೆ.